ಒಂದು ಸೆಂಟಿಮೀಟರ್ ತೂತಿಗೆ ಮೂರು ಗಂಟೆ

“ಡಾಕ್ಟ್ರೇ, ಇರೋದೇ ಒಂದು ಸೆಂಟಿಮೀಟರ್ ತೂತು. ಎಳೆದು ನಾಲ್ಕು ಹೊಲಿಗೆ ಹಾಕೋಕೆ ಮೂರು ಗಂಟೆ ಯಾಕೆ ಬೇಕು?”

ಈ ವಾರ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಮೂಗಿನ ನಡುಗೋಡೆಯಲ್ಲಿ ತೂತು ಬಿದ್ದಿದ್ದ ರೋಗಿಯ ಅಣ್ಣ ಕೇಳಿದ ಪ್ರಶ್ನೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆತಂಕವಿತ್ತು. ತಮ್ಮನ ರಿಪೋರ್ಟುಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿಟ್ಟುಕೊಂಡು ಬಂದಿದ್ದ ಮನುಷ್ಯ. ಇಂಥವರು ಜೊತೆಗಿದ್ದರೆ ರೋಗಿ ಅರ್ಧ ಗೆದ್ದ ಹಾಗೆ.

ಎಳೆಯುವುದು! ಕಷ್ಟವಿರುವುದೇ ಅಲ್ಲಿ. ಬಟ್ಟೆಯಾದರೆ ಎಳೆದು ಹೊಲಿಯಬಹುದು, ಮೂಗಿನ ನಡುಗೋಡೆಯ ಪೊರೆಯಲ್ಲಿ ಎಳೆಯಲು ಸಡಿಲವೇ ಇಲ್ಲ. ಮಧ್ಯದಲ್ಲಿ ಮೃದ್ವಸ್ಥಿ, ಎರಡು ಬದಿಗೂ ಅದಕ್ಕೆ ಬಿಗಿಯಾಗಿ ಅಂಟಿದ ಪೊರೆ. ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಪೊರೆಯಿಂದಲೇ ಅದರ ಪೋಷಣೆ. ಒಂದು ಬದಿಯ ಪೊರೆ ಹೋದರೆ ಇನ್ನೊಂದು ಬದಿ ಕಾಪಾಡುತ್ತದೆ. ಎರಡೂ ಒಂದೇ ಜಾಗದಲ್ಲಿ ಹೋದರೆ ನಡುವಿನದು ಸತ್ತು ತೂತು ಬೀಳುತ್ತದೆ. ಈ ಹುಡುಗನಿಗೆ ಆದದ್ದೂ ಅದೇ: ಮೂಗಿನ ರಕ್ತ ನಿಲ್ಲಿಸಲು ಯಾರೋ ಒಂದೇ ದಿನ ಎರಡೂ ಬದಿ, ಎದುರೆದುರಿಗೇ ಸುಟ್ಟಿದ್ದರು. ಒಂದು ಬದಿ ಸುಟ್ಟು, ಅದು ಮಾಯುವವರೆಗೆ ಕಾಯಬೇಕು ಎಂಬುದು ಮೊದಲ ಪಾಠಗಳಲ್ಲೇ ಬರುವ ಮಾತು. ಅವಸರಕ್ಕೆ ಕ್ಷಮೆಯಿದೆ ಎಂದು ನನಗನಿಸುವುದಿಲ್ಲ. ಉಸಿರಾಡಿದರೆ ಸಿಳ್ಳೆ, ದಿನವೂ ಹಕ್ಕಳೆ, ಕಿತ್ತರೆ ಮತ್ತೆ ರಕ್ತ. ಅನುಭವಿಸಿದವನು ಅವನು.

ಕಾರಣ ಇಷ್ಟು ಸ್ಪಷ್ಟವಿಲ್ಲದಿದ್ದರೆ ಕತ್ತರಿ ಮುಟ್ಟಬಾರದು. ಮೊದಲು ಆಂಕಾ ರಕ್ತಪರೀಕ್ಷೆ (ದೇಹ ತನ್ನದೇ ರಕ್ತನಾಳಗಳ ಮೇಲೆ ತಿರುಗಿಬೀಳುವ ರೋಗದ ಸುಳಿವು ಕೊಡುವಂಥದ್ದು), ಅಂಚು ಅನುಮಾನ ಹುಟ್ಟಿಸಿದರೆ ಬಯಾಪ್ಸಿ. ಅದನ್ನೂ ಹಿಂದಿನ ಅಂಚಿನಿಂದ ತೆಗೆಯಬೇಕು. ಮೇಲಿನಿಂದಲೋ ಕೆಳಗಿನಿಂದಲೋ ತೆಗೆದರೆ ತೂತಿನ ಎತ್ತರ ಹೆಚ್ಚುತ್ತದೆ. ಮುಚ್ಚುವ ಪೊರೆ ಕೆಳಗಿನಿಂದಲೂ ಮೇಲಿನಿಂದಲೂ ಬರಬೇಕಾದ್ದರಿಂದ ಉದ್ದಕ್ಕಿಂತ ಎತ್ತರವೇ ನಮ್ಮನ್ನು ಹೆಚ್ಚು ಕಾಡುವುದು.

ಮೂರು ಗಂಟೆ ಹೋಗುವುದು ಹೀಗೆ. 1:1,00,000 ಅಡ್ರಿನಲಿನ್ ಬೆರೆತ, ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನನ್ನು ಪೊರೆಯಡಿಗೆ ಚುಚ್ಚಿ, ರಕ್ತನಾಳ ಕುಗ್ಗುವವರೆಗೆ ಸುಮ್ಮನೆ ಕಾಯಬೇಕು. ಆಮೇಲೆ ತೂತಿನ ಸುತ್ತ ಎಡಬಲದ ಪೊರೆಗಳನ್ನು ಬೇರ್ಪಡಿಸುವ ಕೆಲಸ. ಅಂಚಿನಲ್ಲಿ ನಡುವೆ ಮೃದ್ವಸ್ಥಿಯಿರದೆ ಎರಡೂ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಬ್ಲೇಡು ತುಸು ಜಾರಿದರೂ ಒಂದು ಸೆಂಟಿಮೀಟರ್ ಎರಡಾಗುತ್ತದೆ. ಇಲ್ಲಿ ಯಾರೂ ಗಡಿಯಾರ ನೋಡಬಾರದು.

ನಂತರ ಮೂಗಿನ ತಳದ ಪೊರೆಯನ್ನು ಕೆಳ ಟರ್ಬಿನೇಟಿನ (ಮೂಗಿನ ಹೊರಗೋಡೆಯಿಂದ ಒಳಕ್ಕೆ ಚಾಚಿದ ಮಡಿಕೆ) ಅಡಿಯವರೆಗೂ ಎಬ್ಬಿಸಿ, ಅಲ್ಲಿ ಹಿಂದುಮುಂದಾಗಿ ಉದ್ದಕ್ಕೆ ಒಂದು ಗೀರು. ಹಿಂದಿನ ಮತ್ತು ಮುಂದಿನ ತುದಿ ಅಂಟಿಕೊಂಡೇ ಇರುವುದರಿಂದ ರಕ್ತ ಹರಿಯುತ್ತಲೇ ಇರುತ್ತದೆ, ಪೊರೆ ತಾನಾಗಿ ಮೇಲೆ ಸರಿಯುತ್ತದೆ. ಅಣ್ಣ ಕೇಳಿದ ‘ಎಳೆಯುವುದು’ ಬೇಕಾಗದಂತೆ ಮಾಡುವುದಕ್ಕೇ ಇಷ್ಟೆಲ್ಲ ಸಮಯ. ಮೇಲ್ಗಡೆಯೂ ಗೀರು ಬೇಕಾದರೆ ಒಂದೇ ಬದಿಗೆ. ಎದುರೆದುರಿಗೆ ಎರಡು ಬಿದ್ದರೆ ಅಲ್ಲಿ ಹೊಸ ತೂತು ಬೀಳುವ ಭಯ. 5-0 ವಿಕ್ರಿಲ್, ಅಂದರೆ ತಾನಾಗಿ ಕರಗುವ ತೆಳು ದಾರದ ಹೊಲಿಗೆ, ಬಿಗಿಯಿಲ್ಲದೆ ಕೂರಬೇಕು. ಬಿಗಿಯಾದರೆ ಅಂಚು ಬಿಳಿಚುತ್ತದೆ, ಬಿಳಿಚಿದ ಅಂಚು ಉಳಿಯುವುದು ಅಪರೂಪ. ಎರಡು ಪೊರೆಗಳ ನಡುವೆ, ಕಿವಿಯ ಮೇಲ್ಭಾಗದಿಂದ ತೆಗೆದ ಟೆಂಪೊರಾಲಿಸ್ ಫೇಷಿಯಾವನ್ನು (ಅಲ್ಲಿನ ಸ್ನಾಯುವಿನ ಮೇಲಿನ ತೆಳು ಹೊದಿಕೆ) ತೂತಿಗಿಂತ ಸುತ್ತಲೂ ಅರ್ಧ ಸೆಂಟಿಮೀಟರಿಗೂ ದೊಡ್ಡದಾಗಿ ಹರಡಬೇಕು. ಒಂದು ಬದಿಯ ಹೊಲಿಗೆ ಸೋತರೂ ಅದರ ಮೇಲೆ ಪೊರೆ ಹಬ್ಬಲು ಆಸರೆ ಸಿಗುತ್ತದೆ.

ಆಪರೇಷನ್ ಮುಗಿದ ಮೇಲೆ ಅಣ್ಣ ಮತ್ತೆ ಕೇಳಿದರು: “ಎಳೆದ್ರಾ?”

“ಇಲ್ಲ, ಎಳೆಯಲಿಲ್ಲ. ಇನ್ನು ಮುಂದಿನದು ನಿಮ್ಮ ಕೈಲಿದೆ.”

ಎರಡೂ ಬದಿಗೆ ಆಸರೆಯಾಗಿ ಸಿಲಿಕೋನ್ ಹಾಳೆಗಳನ್ನು (ಸ್ಪ್ಲಿಂಟ್) ಹೊಲಿದಿದ್ದೇವೆ, ಎರಡು ಮೂರು ವಾರ ಇರುತ್ತವೆ. ಅಷ್ಟು ದಿನ ಮೂಗು ಸೀದುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ದಿನಕ್ಕೆ ಹಲವು ಸಲ ಸಲೈನ್ (ಉಪ್ಪುನೀರು) ಹಾಕಿ ಒದ್ದೆಯಾಗಿಟ್ಟಿರಬೇಕು, ಬೀಡಿ ಸಿಗರೇಟಿನ ಹೊಗೆ ಹತ್ತಿರ ಸುಳಿಯಬಾರದು. ನಡುವೆ ಹರಡಿದ ಆ ಫೇಷಿಯಾ (ಗ್ರಾಫ್ಟ್) ಒಣಗಿದರೆ ಸಾಯುತ್ತದೆ. ಅಣ್ಣ ಒಂದೊಂದನ್ನೂ ಬರೆದುಕೊಂಡು, ಸಲೈನ್ ರಾತ್ರಿ ಎದ್ದೂ ಹಾಕಬೇಕೇ ಎಂದು ಕೇಳಿದರು. ಎಚ್ಚರವಾದಾಗ ಹಾಕಿದರೆ ಸಾಕು ಎಂದೆವು.