ಹೆದ್ದಾರಿಯ ಗೆರೆ ಬೀಳುವ ಮುನ್ನ ಊರಿನವರನ್ನು ಕೇಳಿ

ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿಯವರು ಶಂಕುಸ್ಥಾಪನೆ ಮಾಡಿದಾಗಿನಿಂದ, ನಮ್ಮ ಕೊಡಗಿನ ಕಡೆ ನಾಲ್ಕು ಜನ ಸೇರಿದಲ್ಲೆಲ್ಲ ಮಾತು ಪರಿಹಾರದ ಮೊತ್ತಕ್ಕೇ ಬಂದು ನಿಲ್ಲುತ್ತದೆ. ಶ್ರೀರಂಗಪಟ್ಟಣದ ಬಳಿಯಿಂದ ಗುಡ್ಡೆಹೊಸೂರಿನವರೆಗೆ ಸುಮಾರು 92 ಕಿ.ಮೀ. ಉದ್ದ, ಸುಮಾರು 4,130 ಕೋಟಿ ರೂಪಾಯಿ ವೆಚ್ಚದ ಯೋಜನೆ ಇದು. ರಸ್ತೆಯೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ; ತುರ್ತು ಚಿಕಿತ್ಸೆಗೆ ಮೈಸೂರಿಗೆ ಓಡುವ ಜಿಲ್ಲೆಯವರು ಹಾಗೆ ಹೇಳುವುದು ಕಷ್ಟ. ನನ್ನ ತಕರಾರು ಇರುವುದು, ಇಂಥ ರಸ್ತೆ ಎಲ್ಲಿ ಹಾದುಹೋಗಬೇಕೆಂದು ತೀರ್ಮಾನಿಸುವ ಹೊತ್ತಿನಲ್ಲಿ ಅದರ ಪಕ್ಕದಲ್ಲೇ ಬಾಳಬೇಕಾದವರಿಗೆ ಕಾನೂನಿನಲ್ಲಿ ಎಷ್ಟು ಜಾಗವಿದೆ ಎಂಬುದರ ಬಗ್ಗೆ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಡಿ, ಇಂಥ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಉದ್ದೇಶವಿದೆ ಎಂಬ ಅಧಿಸೂಚನೆ ಹೊರಟು, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ, ಆ ಜಮೀನಿನಲ್ಲಿ ಹಿತಾಸಕ್ತಿ ಇರುವವರು 3ಸಿ ಕಲಮಿನಡಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರ, ಅಂದರೆ ಈ ಸ್ವಾಧೀನಕ್ಕೆಂದು ನೇಮಕವಾದ ಅಧಿಕಾರಿ, ವಿಚಾರಣೆ ನಡೆಸಿ ಹೊರಡಿಸಿದ ಆದೇಶವೇ ಅಂತಿಮ. ಆಮೇಲೆ 3ಡಿ ಘೋಷಣೆಯಾದರೆ ಭೂಮಿ ನೇರವಾಗಿ ಕೇಂದ್ರ ಸರ್ಕಾರದ ವಶವಾಗುತ್ತದೆ. ಅಷ್ಟು ಹೊತ್ತಿಗೆ ನಕ್ಷೆ ಸಿದ್ಧವಾಗಿ, ಸರ್ವೆ ನಂಬರುಗಳೂ ನಿಗದಿಯಾಗಿರುತ್ತವೆ. ಜಮೀನು ಹೋಗದಿದ್ದರೂ ರಸ್ತೆಯ ಆಚೆ ಬದಿಯ ಶಾಲೆಗೆ ದಿನವೂ ದಾಟಬೇಕಾದ ಮಕ್ಕಳ ಪೋಷಕರಿಗೆ, ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ, ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರಿಗೆ ಈ ಕಲಮಿನಲ್ಲಿ ಬಾಯಿಯೇ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ತಂದ ಸಾಮಾಜಿಕ ಪರಿಣಾಮ ಅಧ್ಯಯನವೂ ರಾಷ್ಟ್ರೀಯ ಹೆದ್ದಾರಿಗೆ ಅನ್ವಯಿಸುವುದಿಲ್ಲ. ಆ ಕಾಯ್ದೆಯಿಂದ ಹೆದ್ದಾರಿಗೆ ಬಂದದ್ದು ಪರಿಹಾರ ಮತ್ತು ಪುನರ್ವಸತಿಯ ನಿಯಮಗಳಷ್ಟೇ. ಮಾತು ಹಣಕ್ಕೇ ಬಂದು ನಿಲ್ಲುವುದಕ್ಕೆ ಜನರ ದುರಾಸೆ ಕಾರಣವಲ್ಲ, ಕಾನೂನು ತೆರೆದಿಟ್ಟಿರುವ ಬಾಗಿಲು ಅದೊಂದೇ.

ಕೊಡಗಿನಲ್ಲಿ ಜಮೀನುದಾರರಿಗೂ ಈ 21 ದಿನ ಸಾಲುವುದಿಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿ ತೆಗೆದು ನೋಡಿ: ಎಂದೋ ತೀರಿಹೋದ ಪಟ್ಟೇದಾರರ (ಮನೆತನದ ಹಿರಿಯರ) ಹೆಸರು ಮೊದಲಿರುತ್ತದೆ, ಅದರ ಕೆಳಗೆ ಒಕ್ಕದ, ಅಂದರೆ ಮನೆತನದ, ಹತ್ತಾರು ಮಂದಿಯ ಹೆಸರುಗಳು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೇನೆಯಲ್ಲಿ, ಮತ್ತೊಬ್ಬರು ವಿದೇಶದಲ್ಲಿ. ಎಲ್ಲರಿಗೂ ಸುದ್ದಿ ಮುಟ್ಟಿಸಿ ದಾಖಲೆ ಒಟ್ಟುಮಾಡುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಊರಿನವರನ್ನು ಕೇಳಬೇಕೆನ್ನುವುದು ಸೌಜನ್ಯದ ಮಾತೂ ಅಲ್ಲ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ನೀರು ಯಾವ ಚರಂಡಿಯಿಂದ ಹಿಮ್ಮುಖವಾಗಿ ಏರಿತು, ಯಾವ ಗದ್ದೆಯ ಮೇಲಿಂದ ತಿರುಗಿ ಬಂತು ಎಂಬುದನ್ನು ಅಲ್ಲಿನ ನಿವಾಸಿಗಳು ಬೆರಳಿಟ್ಟು ತೋರಿಸಬಲ್ಲರು. ಕಾಂಪೌಂಡ್ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂದು ಗೆರೆಯೊಂದು ಸುಣ್ಣ ಬಳಿದರೂ ಮತ್ತೆ ಮತ್ತೆ ಮೂಡುವ ಮನೆಗಳಿವೆ. ಅಂಥ ಬಯಲಿನಲ್ಲಿ ಎತ್ತರದ ಮಣ್ಣಿನ ಏರಿ ಹಾಕಿದರೆ ಅದು ಒಡ್ಡಿನಂತೆ ನೀರನ್ನು ತಡೆದು ನಿಲ್ಲಿಸುತ್ತದೆ. ಎಲ್ಲಿ ಎಷ್ಟು ಅಗಲದ ಮೋರಿ ಬೇಕೆಂಬುದಕ್ಕೆ ಈ ಗೋಡೆಗಳಿಗಿಂತ ಒಳ್ಳೆಯ ದಾಖಲೆ ಸಿಗಲಾರದು. ಗುಡ್ಡೆಹೊಸೂರು ದಾಟಿದರೆ ಆನೆಕಾಡು. ಆನೆಗಳು ಎಲ್ಲಿ ರಸ್ತೆ ದಾಟುತ್ತವೆ ಎಂಬುದೂ ಪಕ್ಕದ ತೋಟದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಕೇಳದೆ ಕಟ್ಟಿದರೆ ಏನಾಗುತ್ತದೆಂಬುದನ್ನು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೋಡಿದ್ದೇವೆ: ಪಾದಚಾರಿ ಮೇಲ್ಸೇತುವೆಗಳು ನೆನಪಾದದ್ದು ವಾಹನ ಓಡತೊಡಗಿ ಜನ ಪ್ರಾಣ ಕಳೆದುಕೊಂಡ ಮೇಲೆ. ಹಾಗೆಂದು ಜನರ ದನಿಗೆ ಬೆಲೆಯೇ ಇಲ್ಲವೆಂದೂ ಅಲ್ಲ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಸೇತುವೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ನಾಗರಿಕರು ಮಾನವ ಸರಪಳಿ ಕಟ್ಟಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ರಾಜಧಾನಿಯ ಕ್ಯಾಮೆರಾಗಳು ನಮ್ಮ ಕಡೆ ತಿರುಗುವುದಿಲ್ಲ, ಆದ್ದರಿಂದ ಇಲ್ಲಿ ಕಾಗದಪತ್ರದ ಕೆಲಸವೇ ಹೆಚ್ಚು ಆಗಬೇಕು.

ಇಂಥ ಯಾವುದೇ ರಸ್ತೆಯ ಗೆರೆ ಅಂತಿಮವಾಗುವ ಮೊದಲೇ ಪರ್ಯಾಯ ಮಾರ್ಗಗಳ ನಕ್ಷೆಯನ್ನು ಸರ್ವೆ ನಂಬರು ಸಹಿತ ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಬೇಕು, ವಿವರವಾದ ಯೋಜನಾ ವರದಿ (ಡಿಪಿಆರ್) ಬರೆಯುವ ಸಲಹೆಗಾರರು ಗ್ರಾಮಸಭೆಗೂ ವಾರ್ಡಿನ ಸಭೆಗೂ ಬಂದು ಕೂರಬೇಕು ಎಂದು ಈಗಲೇ ನಿರ್ಣಯ ಮಾಡಿಸಿ ಜಿಲ್ಲಾಧಿಕಾರಿಗಳಿಗೂ ಹೆದ್ದಾರಿ ಪ್ರಾಧಿಕಾರಕ್ಕೂ ಕಳಿಸೋಣ. ಹಾಗೆಯೇ ಒಕ್ಕದ ಜಮೀನು ಇರುವವರು ಪಹಣಿ, ಸರ್ವೆ ಸ್ಕೆಚ್, ವಂಶವೃಕ್ಷಗಳನ್ನು ಅಧಿಸೂಚನೆಗೆ ಕಾಯದೆ ಈ ಮಳೆಗಾಲದಲ್ಲೇ ಒಂದು ಫೈಲಿಗೆ ಸೇರಿಸಿಡಲಿ. ಆಕ್ಷೇಪಣೆ ಕೊಡುವ ದಿನ ಬಂದರೆ ಕಾರಣಗಳನ್ನು ಒಂದೊಂದಾಗಿ ಬರೆದು, ಖುದ್ದು ವಿಚಾರಣೆ ಬೇಕೆಂದು ಅದರಲ್ಲೇ ನಮೂದಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಕಚೇರಿಯಿಂದ ಹೊರಬರಬೇಕು.