ಗಂಟೆ ಕೇಳಿ ಓಡಿದವಳ ಊರಲ್ಲಿ

ಬೂದಿ ಬುಧವಾರದ ಹಿಂದಿನ ದಿನ ಈ ಸಲ ಓಲ್ನಿಗೆ ಹೋಗಿದ್ದೆ. ಇಂಗ್ಲೆಂಡಿನಲ್ಲಿ ಮಿಲ್ಟನ್ ಕೀನ್ಸ್ ಹತ್ತಿರದ ಪುಟ್ಟ ಊರು. ಅವತ್ತು ಅಲ್ಲಿನ ಹೆಂಗಸರು ಏಪ್ರನ್ ಕಟ್ಟಿ, ತಲೆಗೆ ಸ್ಕಾರ್ಫ್ ಸುತ್ತಿ, ಬಾಣಲೆಯಲ್ಲಿ ಪ್ಯಾನ್‌ಕೇಕ್ ಇಟ್ಟುಕೊಂಡು ಚರ್ಚಿನ ಕಡೆ 415 ಗಜ ಓಡುತ್ತಾರೆ. 1445ರಲ್ಲಿ ಒಬ್ಬ ಗೃಹಿಣಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದಾಗ ಪಾಪನಿವೇದನೆಯ ಗಂಟೆ ಹೊಡೆಯಿತಂತೆ, ಅಯ್ಯೋ ತಡವಾಯ್ತು ಅಂತ ಬಾಣಲೆ ಸಮೇತ ಓಡಿದಳಂತೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಉಪವಾಸದ ಕಾಲವಾದ ಲೆಂಟ್‌ನಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುತ್ತಿರಲಿಲ್ಲವಲ್ಲ, ಉಳಿದದ್ದನ್ನೆಲ್ಲ ಹಿಂದಿನ ದಿನವೇ ಹೀಗೆ ಮುಗಿಸುತ್ತಿದ್ದರು.

ಓಟ ಮುಗಿದ ಮೇಲೆ ಆರಾಧನೆ. ಸಂತ ಪೇತ್ರ ಮತ್ತು ಸಂತ ಪೌಲರ ಚರ್ಚು ಅದು, 14ನೇ ಶತಮಾನದ ಕಲ್ಲಿನ ಕಟ್ಟಡ, ಗ್ರೇಟ್ ಊಸ್ ನದಿಯ ಪಕ್ಕದಲ್ಲೇ. ಜಾನ್ ನ್ಯೂಟನ್ 1764ರಿಂದ 1780ರವರೆಗೆ ಇಲ್ಲಿ ಸಭೆ ನೋಡಿಕೊಂಡಿದ್ದ. 'ಅಮೇಜಿಂಗ್ ಗ್ರೇಸ್' ಎಂಬ ಭಕ್ತಿಗೀತೆಯನ್ನು ಆತ ಬರೆದದ್ದು ಇದೇ ಊರಲ್ಲಿ, 1773ರ ಹೊಸ ವರ್ಷದ ಪ್ರಸಂಗಕ್ಕೆ ಅಂತ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಂಡೇ ಸ್ಕೂಲಿನಲ್ಲಿ ಎಷ್ಟು ಸಲ ಹಾಡಿದ್ದೇವೆ! ಆತ ನಿಂತಿದ್ದ ಚರ್ಚಿನಲ್ಲಿ ನಾನೂ ಕೂತಿದ್ದೇನೆ ಅಂತ ನೆನೆದಾಗ ಗಂಟಲು ಕಟ್ಟಿತು.

ಆತನ ಕಥೆಯನ್ನು ನಾವು ತುಂಬಾ ಬೇಗ ಹೇಳಿ ಮುಗಿಸುತ್ತೇವೆ. ಗುಲಾಮರ ವ್ಯಾಪಾರದಲ್ಲಿದ್ದ, 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ಕೂಗಿದ, ಬದಲಾದ ಅಂತ. ಹಾಗಾಗಲಿಲ್ಲ. ಗುಲಾಮರ ಹಡಗಿಗೆ ಆತ ಕ್ಯಾಪ್ಟನ್ ಆದದ್ದೇ ಆ ಬಿರುಗಾಳಿಯ ನಂತರ. ಮೇಲೆ ನಾವಿಕರಿಗೆ ಪ್ರಾರ್ಥನೆ ನಡೆಸುತ್ತಿದ್ದ, ಕೆಳಗೆ ಆಫ್ರಿಕಾದ ಜನ ಸರಪಳಿಯಲ್ಲಿ ಬಿದ್ದಿದ್ದರು. 1754ರಲ್ಲಿ ಸಮುದ್ರ ಬಿಟ್ಟದ್ದೂ ಕಾಯಿಲೆಯಿಂದ. ಆ ವ್ಯಾಪಾರದ ವಿರುದ್ಧ ಒಂದು ಕಿರುಪುಸ್ತಕ ಬರೆದು, ತಾನೂ ಅದರಲ್ಲಿ ಕೈಹಾಕಿದ್ದೆ ಅಂತ ನಾಚಿಕೆಯಿಂದ ಒಪ್ಪಿಕೊಂಡದ್ದು 1788ರಲ್ಲಿ. 40 ವರ್ಷ! ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಆತ ತೀರಿಕೊಂಡ.

ದೇವರು ಆತನಿಗಾಗಿ ಅಷ್ಟು ವರ್ಷ ಕಾದ ಅಂತ ನಂಬುತ್ತೇನೆ, ಅದು ನನಗೆ ದೊಡ್ಡ ಧೈರ್ಯ. ಆದರೆ ಹಡಗಿನ ಕೆಳಗಿದ್ದವರಿಗೆ ಕಾಯುವಷ್ಟು ಆಯುಸ್ಸು ಎಲ್ಲಿತ್ತು? ಈ ಎರಡೂ ನಿಜ, ಒಂದನ್ನು ಬಿಟ್ಟು ಇನ್ನೊಂದನ್ನು ಹಾಡೋಕೆ ನನಗೆ ಆಗಲಿಲ್ಲ.

ಆರಾಧನೆ ಮುಗಿಸಿ ಹೊರಗೆ ನ್ಯೂಟನ್‌ನ ಸಮಾಧಿ ನೋಡಲು ಹೋದೆ. ಮೊದಲು ಲಂಡನ್ನಿನಲ್ಲಿ ಹೂಳಿದ್ದರು, 1893ರಲ್ಲಿ ಹೆಂಡತಿಯ ಜೊತೆಗೆ ಆತನನ್ನೂ ಇಲ್ಲಿಗೆ ತಂದರು. ಕಲ್ಲಿನ ಮೇಲಿನ ಮಾತನ್ನು ಆತನೇ ಬರೆದಿಟ್ಟಿದ್ದ. ಒಮ್ಮೆ ದೇವರನ್ನು ನಂಬದವ, ಕೆಟ್ಟ ಚಾಳಿಯವ, ಆಫ್ರಿಕಾದಲ್ಲಿ ಗುಲಾಮರ ಆಳು ಅಂತಲೇ ಶುರು. ಕ್ರಿಸ್ತನ ಕರುಣೆಯಿಂದ ಕ್ಷಮೆ ಸಿಕ್ಕಿದ ಮಾತು ಆಮೇಲೆ ಬರುತ್ತದೆ. ನಮ್ಮ ಸಮಾಧಿ ಕಲ್ಲಿನ ಮೇಲೆ ಯಾರಾದರೂ ಹೀಗೆ ಬರೆಸುತ್ತೇವಾ?

ಎರಡು ಸಲ ಓದಿದೆ. ಗಾಳಿ ಜೋರಾಗಿತ್ತು, ಬೆರಳು ಮರಗಟ್ಟಿದ್ದವು. ಆರು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣ ನೆನಪಾದ. ತಪ್ಪು ನನ್ನದೇ ಅಂತ ನನಗೆ ಯಾವಾಗಲೋ ಗೊತ್ತಿತ್ತು. ಈಸ್ಟರ್ ಆಗಲಿ ಅಂದುಕೊಂಡೆ, ಮನೆಗೆ ಹೋಗಿ ಮಾಡೋಣ ಅಂದುಕೊಂಡೆ. ಕೊನೆಗೆ ಅಲ್ಲೇ ನಿಂತು ಫೋನ್ ಹಚ್ಚಿದೆ. ನಮ್ಮ ಊರಲ್ಲಿ ಆಗ ಸಂಜೆ ಆರೂವರೆ. ಎರಡನೇ ರಿಂಗಿಗೇ ಎತ್ತಿದ.