ಟಿಕ್ ಹಾಕಿದ 27ನೇ ಹೆಸರು

ಕೆಲವು ವರ್ಷ ನಾನು ಒಂದು ತಾಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ವಿಷಯ ನಿರ್ವಾಹಕನಾಗಿದ್ದೆ. ಹೆಸರು ದೊಡ್ಡದು, ಕೆಲಸ ಸುಲಭ ಅಂದುಕೊಂಡಿದ್ದೆ. ಖಾಸಗಿ ಶಾಲೆಯವರು ಆರ್‌ಟಿಇ ಮಕ್ಕಳ ಶುಲ್ಕ ಮರುಪಾವತಿಗೆ ಬೇಡಿಕೆ ಪಟ್ಟಿ ಕೊಡುತ್ತಾರೆ. ಜೊತೆಗೆ ಹಾಜರಿಯ ನಕಲು, ಮುಖ್ಯ ಶಿಕ್ಷಕರ ದೃಢೀಕರಣ, ಸೀಲು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು, ಹೆಸರಿನ ಮುಂದೆ ಟಿಕ್ ಹಾಕಬೇಕು, ಕಡತ ಮೇಲೆ ಕಳಿಸಬೇಕು. ದಿನಕ್ಕೆ ನಾಲ್ಕೈದು ಶಾಲೆ ಮುಗಿಸುತ್ತಿದ್ದೆ. ಬೇಗ ಮುಗಿಸುವವನು ಅಂತ ಹೆಸರೂ ಇತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಮೊದಲ ತರಗತಿಯ ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು. ಎಲ್‌ಕೆಜಿ ಇದ್ದರೆ ಅಲ್ಲಿಂದಲೇ. ಆ ಮಕ್ಕಳ ಶುಲ್ಕ ಸರ್ಕಾರ ಕಟ್ಟುತ್ತದೆ. ಎಷ್ಟು? ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚು ಅಥವಾ ಶಾಲೆ ನಿಜವಾಗಿ ತೆಗೆದುಕೊಳ್ಳುವ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಮೊದಲು 11,848 ರೂಪಾಯಿ ಮಿತಿ ಇತ್ತು, ಎಲ್‌ಕೆಜಿಗೆ ಅದರ ಅರ್ಧ. ಆಮೇಲೆ 16,000 ಮತ್ತು 8,000 ಆಯಿತು.

ಅಜ್ಜಿ ಬಂದದ್ದು ಒಂದು ಫೆಬ್ರವರಿ ಕೊನೆಯಲ್ಲಿ. ಮಾರ್ಚ್ ಬಿಲ್ಲುಗಳ ಗಡಿಬಿಡಿ ಶುರುವಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಮಗುವಿನ ಆಧಾರ್ ಕಾರ್ಡಿನ ಜೆರಾಕ್ಸು.

"ಟಿಸಿ ಕೊಡ್ಸಪ್ಪಾ. ನಾಲ್ಕು ಸಲ ಹೋಗಿ ಬಂದೆ. ಪುಸ್ತಕದ ದುಡ್ಡು ಕಟ್ಟು, ಆಮೇಲೆ ಟಿಸಿ ಅಂತಾರೆ."

"ಅಜ್ಜಿ, ಟಿಸಿ ಕೊಡೋದು ಶಾಲೆಯವರು. ಅಲ್ಲೇ ಕೇಳ್ಬೇಕು."

"ಅಲ್ಲಿ ಕೇಳಿದ್ರೆ ಬಿಇಒ ಆಫೀಸಿಗೆ ಹೋಗು ಅಂತಾರೆ. ಇಲ್ಲಿ ನೀನು ಹಿಂಗಂತೀಯ."

ಸಾಗಹಾಕಲು ಮಗುವಿನ ಹೆಸರು ಕೇಳಿದೆ. ಎಲ್ಲೋ ಓದಿದ ಹಾಗಿತ್ತು. ಮೇಜಿನ ಮೇಲಿದ್ದ ಕಟ್ಟನ್ನು ಬಿಚ್ಚಿದೆ. 34 ಮಕ್ಕಳ ಪಟ್ಟಿ. 27ನೇ ಹೆಸರು ಅದೇ. ಮುಂದೆ ನನ್ನ ಟಿಕ್.

"ಮಗು ಈಗ ಎಲ್ಲಿ ಓದ್ತಿದೆ?"

"ದಸರಾ ರಜ ಮುಗಿದಾಗಿಂದ ನಮ್ಮೂರ ಸ್ಕೂಲಿಗೇ ಹೋಗ್ತಾಳೆ."

ಹಾಜರಿಯ ನಕಲನ್ನು ಮತ್ತೆ ನೋಡಿದೆ. ದಸರಾ ಮುಗಿದಾಗಿನಿಂದ ಜನವರಿ ಕೊನೆವರೆಗೆ ಆ ಮಗು ಒಂದು ದಿನವೂ ತಪ್ಪಿಸಿರಲಿಲ್ಲ. ಉಳಿದ ಮಕ್ಕಳಿಗೆ ಅಲ್ಲೊಂದು ಇಲ್ಲೊಂದು ಗೈರು ಇತ್ತು. ಜ್ವರ, ಜಾತ್ರೆ, ಮದುವೆ, ಏನೋ ಒಂದು ಇರುತ್ತದಲ್ವಾ. ಶಾಲೆಗೇ ಹೋಗದ ಮಗುವಿನದು ಮಾತ್ರ ಪೂರ್ತಿ ಹಾಜರಿ. ಅದು ಮೊದಲೇ ಕಣ್ಣಿಗೆ ಬೀಳಬೇಕಿತ್ತು. ನಾನು ಗೈರು ಇರುವ ಹೆಸರುಗಳನ್ನು ಮಾತ್ರ ನಿಂತು ನೋಡುತ್ತಿದ್ದೆ. ಪೂರ್ತಿ ಹಾಜರಿ ಇದ್ದರೆ ಕಣ್ಣು ಹಾಗೇ ಜಾರಿಬಿಡುತ್ತಿತ್ತು.

ಮಾರನೇ ದಿನ ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬೈಕಿನಲ್ಲಿ ಹಿಂದೆ ಕೂತು ಆ ಊರಿನ ಸರ್ಕಾರಿ ಶಾಲೆಗೆ ಹೋದೆ. ಹಾಜರಿ ಪುಸ್ತಕಗಳಲ್ಲಿ ಇಂಕಿನಲ್ಲಿ ಬರೆದ ಹೆಸರು ಒಟ್ಟು 46. ಎರಡನೇ ತರಗತಿಯ ಹಾಳೆಯ ಕೆಳಗೆ, ಒಂದು ಗೆರೆ ಬಿಟ್ಟು, ಪೆನ್ಸಿಲಿನಲ್ಲಿ ಇನ್ನೊಂದು. ಮುಖ್ಯ ಶಿಕ್ಷಕಿ ಸ್ವಲ್ಪ ಹೆದರಿದರು. ದಾಖಲೆಯಿಲ್ಲದ ಮಗುವನ್ನು ಕೂರಿಸಿಕೊಂಡಿದ್ದಕ್ಕೆ ನೋಟಿಸು ಕೊಡೋಕೆ ಬಂದಿದ್ದೇವೆ ಅಂದುಕೊಂಡಿರಬೇಕು.

"ಮಗು ಬಾಗಿಲಲ್ಲಿ ನಿಂತಿದೆ ಸರ್. ಟಿಸಿ ಇಲ್ಲ ಅಂತ ವಾಪಸ್ ಕಳಿಸೋಕಾಗುತ್ತಾ?"

ನಿಜ ಹೇಳಬೇಕಂದರೆ ಕಾಯ್ದೆ ಅವರ ಕಡೆಗೇ ಇತ್ತು. ಸೆಕ್ಷನ್ 5 ಓದಿದರೆ ಸಾಕು. ಟಿಸಿಯನ್ನು ತಕ್ಷಣ ಕೊಡಬೇಕು. ಟಿಸಿ ತಡವಾಯಿತು ಅಂತ ದಾಖಲಾತಿ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಆದರೆ ಕಾಯ್ದೆಗೆ ಗೊತ್ತಿದ್ದದ್ದು ನಮ್ಮ ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಗುವಿನ ಸಂಖ್ಯೆ ಹಳೇ ಶಾಲೆಯ ಲಾಗಿನ್ನಿನಲ್ಲಿ ಕೂತಿತ್ತು. ಅವರು ಬಿಡುಗಡೆ ಮಾಡದೆ ಇವರು ಸೇರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಹಾಲಿನ ಪುಡಿ, ಬಿಸಿಯೂಟದ ಅಕ್ಕಿ ಎಲ್ಲಾ 46 ಮಕ್ಕಳ ಲೆಕ್ಕದಲ್ಲಿ ಬರುತ್ತಿತ್ತು, ಉಣ್ಣುವವರು 47. ಸಮವಸ್ತ್ರದ ಲೆಕ್ಕದಲ್ಲೂ ಆ ಮಗು ಇಲ್ಲ. ಯಾರದೋ ಅಕ್ಕನ ಹಳೇ ಜೊತೆ ಹಾಕಿಕೊಂಡು ಕೂತಿತ್ತು. ಆ ಮಗುವಿನ ಹೆಸರಿನ ದುಡ್ಡು ಮಾತ್ರ ಆರು ಕಿಲೋಮೀಟರ್ ಆಚೆ ಇನ್ನೊಂದು ಶಾಲೆಯ ಖಾತೆಗೆ ಹೋಗುವುದಿತ್ತು. ಅದಕ್ಕೆ ಟಿಕ್ ಹಾಕಿದವನು ನಾನು.

ಯಾಕೆ ಬಿಡಿಸಿದಿರಿ ಅಂತ ಅಜ್ಜಿಯನ್ನು ಕೇಳಿದ್ದೆ. ಪುಸ್ತಕ, ಬೂಟು, ಟೈ, ವಾರ್ಷಿಕೋತ್ಸವದ ಡ್ಯಾನ್ಸಿಗೆ ಬಟ್ಟೆ ಅಂತ ಒಂದರ ಹಿಂದೆ ಒಂದು ಚೀಟಿ ಬಂತಂತೆ. ಡ್ಯಾನ್ಸಿನ ದುಡ್ಡು ಕೊಡದ ಮಕ್ಕಳನ್ನು ಪ್ರಾಕ್ಟೀಸ್ ಹೊತ್ತಲ್ಲಿ ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರಂತೆ. "ಅವಳೇ ಹೋಗಲ್ಲ ಅಂದ್ಲು" ಅಂದರು ಅಜ್ಜಿ. ಸೀಟು ಸಿಕ್ಕಾಗ ಊರಿಗೆಲ್ಲಾ ಸಿಹಿ ಹಂಚಿದ್ದರು ಅಂತಲೂ ಹೇಳಿದರು.

ನನ್ನನ್ನು ಕೊರೆಯುತ್ತಿದ್ದದ್ದು ಇದು. ಶಾಲೆ ಆರಿಸಿಕೊಳ್ಳುವ ಅವಕಾಶ ಕೊಟ್ಟಿದ್ದೇವೆ ಅಂತ ನಾವು ಹೇಳುತ್ತೇವೆ. ಸೀಟು ಹಂಚುವ ಲಾಟರಿ ದಿನ ಕಚೇರಿಯಲ್ಲಿ ಜಾತ್ರೆ. ವಾರ್ಡು ಹೊಂದಲಿ ಅಂತ ಆಧಾರ್ ವಿಳಾಸವನ್ನೇ ತಿದ್ದಿಸಿಕೊಂಡು ಬಂದವರನ್ನೂ ನೋಡಿದ್ದೇನೆ. ಒಳಗೆ ಹೋಗುವ ಬಾಗಿಲಿಗೆ ಇಷ್ಟೆಲ್ಲಾ ವ್ಯವಸ್ಥೆ ಇತ್ತು. ಆಚೆ ಬರುವ ಬಾಗಿಲ ಬೀಗದ ಕೈ ಮಾತ್ರ ದುಡ್ಡು ತೆಗೆದುಕೊಳ್ಳುವ ಶಾಲೆಯ ಕೈಯಲ್ಲೇ ಇತ್ತು. ಮಗು ಬಿಟ್ಟು ಹೋದರೆ ಶಾಲೆಗೆ ಬರುವ ಮರುಪಾವತಿಯ ಕಂತು ಕಡಿಮೆಯಾಗುತ್ತದೆ. ಟಿಸಿ ತಡೆದರೆ ಕಂತು ಉಳಿಯುತ್ತದೆ. ಇದನ್ನು ಕಂಡುಹಿಡಿಯಲು ದೊಡ್ಡ ಕಳ್ಳನೇ ಆಗಬೇಕಿಲ್ಲ. ಸೋಮಾರಿ ಗುಮಾಸ್ತ ಒಬ್ಬ ಇದ್ದರೂ ತಾನಾಗೇ ಆಗುತ್ತದೆ. ನಮ್ಮಲ್ಲೂ ಒಬ್ಬ ಇದ್ದನಲ್ಲ.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಯಾರಿಗೆ ದುಡ್ಡು ಸಲ್ಲಬೇಕೋ ಅವರೇ ಕೊಟ್ಟ ಕಾಗದವನ್ನು ಅವರೇ ಕೊಟ್ಟ ಇನ್ನೊಂದು ಕಾಗದದ ಜೊತೆ ತಾಳೆ ನೋಡಿದರೆ ಅದು ತಾಳೆಯಾಗದೆ ಇನ್ನೇನಾಗುತ್ತದೆ? ಹಾಗಾಗಿ ಪ್ರತಿ ಶಾಲೆಯ ಪಟ್ಟಿಯಿಂದ ಐದು ಹೆಸರು ಆರಿಸಿ ಪೋಷಕರಿಗೆ ಫೋನ್ ಮಾಡಲು ಶುರು ಮಾಡಿದೆ. ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಮಗುವಿನ ಕ್ಲಾಸ್ ಟೀಚರ್ ಹೆಸರೇನು? ಈ ವರ್ಷ ಶಾಲೆಗೆ ಎಷ್ಟು ಕಟ್ಟಿದಿರಿ?

ಅದೇ ಶಾಲೆಯ ಪಟ್ಟಿಯಿಂದಲೇ ಶುರು ಮಾಡಿದೆ. ಮೊದಲ ನಂಬರಿಗೆ ಒಬ್ಬ ಗಂಡಸು ಎತ್ತಿದ. ಎರಡನೇ ನಂಬರಿಗೂ ಅದೇ ದನಿ. ಪಟ್ಟಿ ತೆಗೆದು ನೋಡಿದರೆ 34 ಮಕ್ಕಳಲ್ಲಿ 11 ಮಕ್ಕಳಿಗೆ ಒಂದೇ ಮೊಬೈಲ್ ಸಂಖ್ಯೆ. ಅದು ಆ ಶಾಲೆಯ ಆಫೀಸ್ ಹುಡುಗನದು. ಅರ್ಜಿ ತುಂಬುವಾಗ ಪೋಷಕರ ಬಳಿ ಫೋನ್ ಇರಲಿಲ್ಲ, ಅದಕ್ಕೆ ತನ್ನದೇ ಹಾಕಿದೆ ಅಂದ. ಸುಳ್ಳೂ ಇರಲಿಕ್ಕಿಲ್ಲ. ಆದರೆ ಇಲಾಖೆಯಿಂದ ಪೋಷಕರಿಗೆ ಹೋಗಬೇಕಾದ ಸಂದೇಶವೆಲ್ಲಾ ಆ ಹುಡುಗನ ಜೇಬಿಗೇ ಹೋಗುತ್ತಿತ್ತು ಅಂತಾಯಿತು.

ಫೋನಿನಿಂದ ಇನ್ನೊಂದು ಗುಟ್ಟು ಬಯಲಾಯಿತು. ಮತ್ತೊಂದು ಶಾಲೆಯವರು ಮಗುವಿಗೆ 11,800 ರೂಪಾಯಿ ಕೇಳಿದ್ದರು. ಆಗಿನ ಮಿತಿಗೆ ಸರಿಯಾಗಿ 48 ರೂಪಾಯಿ ಕಡಿಮೆ. ನೋಟಿಸ್ ಬೋರ್ಡಿನ ಫೋಟೋದಲ್ಲೂ ಅದೇ ಶುಲ್ಕ. ಆರ್‌ಟಿಇ ಮಗುವಿನ ಅಣ್ಣನನ್ನೂ ಅಲ್ಲೇ ದುಡ್ಡು ಕೊಟ್ಟು ಓದಿಸುತ್ತಿದ್ದ ಒಬ್ಬ ತಾಯಿ ಹೇಳಿದರು, "ದೊಡ್ಡವನಿಗೆ ಆರು ಸಾವಿರ ಕಟ್ತೀವಿ ಸಾರ್." ಶಾಲೆಯ ಲೆಕ್ಕಪತ್ರ ತರಿಸಿದೆ. ಆಡಿಟ್ ಆದ ಲೆಕ್ಕದಲ್ಲಿ ಬೋಧನಾ ಶುಲ್ಕದ ಆದಾಯ 12,60,000. ದುಡ್ಡು ಕೊಟ್ಟು ಓದುವ ಮಕ್ಕಳು 210. ಭಾಗಿಸಿದರೆ 6,000. ನಾನು ಮಾಡಿದ ಸಂಶೋಧನೆ ಇಷ್ಟೇ, ನಾಲ್ಕನೇ ಕ್ಲಾಸಿನ ಭಾಗಾಕಾರ. ‘ಯಾವುದು ಕಡಿಮೆಯೋ ಅದು’ ಅಂತ ಕಾಯ್ದೆ ಹೇಳಿದ್ದನ್ನು ನಾವು ‘ಮಿತಿ ದಾಟದಿದ್ದರೆ ಸರಿ’ ಅಂತ ಓದಿಕೊಂಡು ಬಂದಿದ್ದೆವು.

ಖಾಸಗಿ ಶಾಲೆಯವರೆಲ್ಲಾ ಕಳ್ಳರು ಅಂತ ಅಲ್ಲ. ಒಬ್ಬ ಮೇಡಂ ಇದ್ದರು, ಎರಡು ಬಾಡಿಗೆ ಮನೆ ಸೇರಿಸಿ ಶಾಲೆ ನಡೆಸುತ್ತಿದ್ದರು. ಹೋದ ವರ್ಷದ ಎರಡನೇ ಕಂತು ಈ ವರ್ಷದ ದಸರಾಕ್ಕೂ ಬಂದಿರಲಿಲ್ಲ. ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಕೇಳಿದರು, "ನೀವು ನನ್ನ ಹಾಜರಿ ನೋಡ್ತೀರಿ ಸರ್. ನಿಮ್ಮ ಕಂತಿನ ಹಾಜರಿ ಯಾರು ನೋಡ್ತಾರೆ?" ಉತ್ತರ ಇರಲಿಲ್ಲ. ದುಡ್ಡು ತಡವಾದಾಗ ದೊಡ್ಡ ಶಾಲೆ ತಡೆದುಕೊಳ್ಳುತ್ತದೆ. ಸಣ್ಣದು ಟೀಚರ್ ಸಂಬಳ ನಿಲ್ಲಿಸುತ್ತದೆ, ಇಲ್ಲವೇ ಪುಸ್ತಕ, ಡ್ಯಾನ್ಸು ಅಂತ ಮಕ್ಕಳ ಮನೆಗೆ ಚೀಟಿ ಕಳಿಸುತ್ತದೆ. ಅಜ್ಜಿಯ ಮನೆಗೆ ಬಂದ ಚೀಟಿಗಳ ಹಿಂದೆ ನಮ್ಮ ಕಚೇರಿಯ ತಡವೂ ಸ್ವಲ್ಪ ಇದ್ದಿರಬಹುದು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ, ಅಂದರೆ ಪೋಷಕರೇ ಇರುವ ಶಾಲಾ ಸಮಿತಿ. ಮುಖ್ಯ ಶಿಕ್ಷಕಿ ಸೀಮೆಸುಣ್ಣ ತಂದರೂ ಅಲ್ಲಿ ಬಿಲ್ಲು ತೋರಿಸಬೇಕು. ಇವತ್ತು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಥ 47 ಮಕ್ಕಳ ಶಾಲೆಗೆ ವರ್ಷದ ಖರ್ಚಿಗೆ ಕೊಡುವ ಸಂಯುಕ್ತ ಅನುದಾನ 25,000 ರೂಪಾಯಿ. ಅದರ ಒಂದೊಂದು ರೂಪಾಯಿಗೂ ವೋಚರು. ಆ ಕಡೆ 34 ಆರ್‌ಟಿಇ ಮಕ್ಕಳಿಗೆ ಹಳೇ ಮಿತಿಯ ಲೆಕ್ಕ ಹಿಡಿದರೂ ನಾಲ್ಕು ಲಕ್ಷ ದಾಟುತ್ತದೆ. ಅದಕ್ಕೆ ಒಂದು ದೃಢೀಕರಣ, ಒಂದು ಸೀಲು. ಪೋಷಕರ ಸಮಿತಿ ಇರಬೇಕು ಅನ್ನುವ ಸೆಕ್ಷನ್ 21 ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವುದೇ ಇಲ್ಲ. ಸರ್ಕಾರದ ದುಡ್ಡಲ್ಲಿ ಓದುವ ಮಗುವಿನ ಅಜ್ಜಿಗೆ ಅಲ್ಲಿ ಕೂತು ಕೇಳಲು ಒಂದು ಕುರ್ಚಿಯೂ ಇಲ್ಲ. ಅದಕ್ಕೇ ಅವರು ನನ್ನ ಮೇಜಿಗೆ ಬಂದದ್ದು.

2018ರ ಕೊನೆಯಲ್ಲಿ ರಾಜ್ಯ ಸರ್ಕಾರ ನಿಯಮ ಬದಲಾಯಿಸಲು ಹೊರಟಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ನನ್ನ ಮೇಜಿನ ಮೇಲೆ ಹೊಸ ಅರ್ಜಿಗಳ ರಾಶಿ ಕರಗಿಹೋಯಿತು. ನಮ್ಮ ಶಾಲೆ ಖಾಲಿ ಮಾಡಿ ಖಾಸಗಿಯವರಿಗೆ ಯಾಕೆ ದುಡ್ಡು ಕೊಡಬೇಕು ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಆದರೆ ದುಡ್ಡಿನ ಲೆಕ್ಕ ಸರಿಯಾಗಿ ಕೇಳಲು ಕಲಿಯುವ ಮೊದಲೇ ಬಾಗಿಲನ್ನೇ ಮುಚ್ಚಿದ್ದು ನನಗೆ ಸರಿಕಾಣಲಿಲ್ಲ. ಬಾಗಿಲು ಮುಚ್ಚಿದರೂ ಕೆಲಸ ಮುಗಿಯಲಿಲ್ಲ ಅನ್ನಿ. 2018-19ರಲ್ಲಿ ಎಲ್‌ಕೆಜಿ ಸೇರಿದ ಮಗು ಎಂಟನೇ ತರಗತಿ ಮುಗಿಸುವುದು 2027-28ರಲ್ಲಿ. ಅಲ್ಲಿವರೆಗೆ ಯಾರೋ ಒಬ್ಬರು ಆ ಮೇಜಿನಲ್ಲಿ ಕೂತು ಟಿಕ್ ಹಾಕುತ್ತಿರಬೇಕು. ನನಗೆ ವರ್ಗವಾದಾಗ ನನ್ನ ಜಾಗಕ್ಕೆ ಬಂದ ಹುಡುಗಿಗೆ ಫೋನ್ ನಂಬರಿನ ಕಾಲಮ್ಮು ಮೊದಲು ನೋಡಮ್ಮಾ ಅಂತ ಹೇಳಿ ಬಂದೆ.

ಟಿಸಿ ಕಥೆ ಅರ್ಧಕ್ಕೇ ಬಿಟ್ಟೆ. ಬಿಇಒ ಸಾಹೇಬರು ಒಂದು ಪತ್ರ ಬರೆದರು. ಸೆಕ್ಷನ್ 5 ಅಂತ ಒಂದು ಸಾಲು, ಕಂತು ತಡೆಹಿಡಿಯಲಾಗುವುದು ಅಂತ ಇನ್ನೊಂದು. ಎರಡನೇ ಸಾಲು ಕೆಲಸ ಮಾಡಿತು. ಮೂರನೇ ದಿನ ಟಿಸಿ ಬಂತು, ಪುಸ್ತಕದ ಬಾಕಿಯ ಮಾತೇ ಇಲ್ಲ. ಅಜ್ಜಿ ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿ ಇಟ್ಟರು.

"ಏನು ಬರೆದವ್ರೆ ಓದಪ್ಪಾ."

ಹೆಸರು, ಜನ್ಮ ದಿನಾಂಕ, ತರಗತಿ ಎಲ್ಲಾ ಓದಿದೆ. ಶಾಲೆ ಬಿಡಲು ಕಾರಣ ಅಂತ ಒಂದು ಕಾಲಮ್ಮು ಇತ್ತು.

"ಪೋಷಕರ ಕೋರಿಕೆ ಮೇರೆಗೆ, ಅಂತ ಬರೆದಿದ್ದಾರೆ."

"ಹಂಗಂದ್ರೆ?"

"ನೀವೇ ಬೇಡ ಅಂತ ಬಿಡಿಸಿದ್ರಿ, ಅಂತ."

ಅಜ್ಜಿ ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದರು. ಆಮೇಲೆ ಅದನ್ನು ಮಡಚಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡರು. "ಹೋಗ್ಲಿ ಬಿಡು" ಅಂದರು, "ಬಸ್ಸಿಗೆ ಹೊತ್ತಾಯ್ತು."